ಬಾಣದ ಗುರುತಿಗೆ ಸಾಕ್ಷಿ ಯಾವುದು?

(ಬಿ.ಜಿ. ಕೆರೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ದತ್ತಿ ಉಪನ್ಯಾಸ ಎಂದರೆ ನಮ್ಮಲ್ಲಿ ವಚನ, ದಾಸರ ಪದ, ಇಲ್ಲವೇ ಶಾಸನ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಅಕ್ಷರಗಳಿರುವ ತಾಲ್ಲೂಕಿನಲ್ಲಿ ಅದು ಸಹಜವೂ ಹೌದು. ಈ ಸಲ ಜೀವಕೋಶದ ಬಗ್ಗೆ ಮಾತಾಡಿ ಎಂದಿದ್ದೀರಿ, ಒಪ್ಪಿಕೊಂಡು ಬಂದಿದ್ದೇನೆ. ಆದರೆ ಜೀವಕೋಶಕ್ಕೆ ಎಷ್ಟು ಭಾಗ, ಯಾವ ಭಾಗದ ಕೆಲಸ ಏನು ಎಂಬ ಪಾಠವನ್ನು ಮಾಡುವುದಿಲ್ಲ. ಅದಕ್ಕೆ ನಿಮ್ಮ ಮೇಷ್ಟ್ರುಗಳಿದ್ದಾರೆ. ನನ್ನ ಪ್ರಶ್ನೆ ಬೇರೆ. ಜೀವವಿಜ್ಞಾನದ ಪುಸ್ತಕಗಳಲ್ಲಿ ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಬಾಣ ಎಳೆದ ಚಿತ್ರಗಳಿರುತ್ತವೆ. ಪರೀಕ್ಷೆ ಬಂತೆಂದರೆ ನಾವು ಅವನ್ನು ಉರುಹೊಡೆಯುತ್ತೇವೆ. ಆ ಬಾಣವನ್ನು ಅಲ್ಲಿ ಎಳೆಯುವ ಹಕ್ಕು ಚಿತ್ರ ಬರೆದವರಿಗೆ ಎಲ್ಲಿಂದ ಬಂತು ಎಂದು ಕೇಳುವುದಿಲ್ಲ. ಇವತ್ತು ಅದನ್ನೇ ಕೇಳೋಣ.

ಇದಕ್ಕಾಗಿ ಒಂದೇ ಒಂದು ದಾರಿಯನ್ನು ಆರಿಸಿಕೊಂಡಿದ್ದೇನೆ. ಕೋಶದ ಹೊರಗಿನ ಸುದ್ದಿ ಕೈನೇಸ್ ಎಂಬ ಕಿಣ್ವಗಳ ಮೂಲಕ ಒಳಗಿನ ಆಕ್ಟಿನ್ ಎಳೆಗಳನ್ನು ಮುಟ್ಟುವ ದಾರಿ ಅದು. ಅದರ ಒಂದು ಮುಖ್ಯ ಭಾಗ ಪತ್ತೆಯಾದದ್ದು ನಮ್ಮ ಬೆಂಗಳೂರಿನಲ್ಲಿ, 2019ರಲ್ಲಿ. ಅಲ್ಲಿಗೆ ಹೋಗುವ ಮೊದಲು ಈ ಸೀಮೆಯಲ್ಲೇ ಸ್ವಲ್ಪ ನಿಲ್ಲೋಣ.

ಬಯಲುಸೀಮೆಯ ಕಲ್ಲುಗುಡ್ಡ, ಕುರುಚಲು ಕಾಡುಗಳಲ್ಲಿ ಗರಗಸ ಮಂಡಲದ ಹಾವು ಇರುತ್ತದೆ. ಗಾತ್ರ ಚಿಕ್ಕದು, ಕೋಪ ದೊಡ್ಡದು. ಮೈ ಸುತ್ತಿಕೊಂಡು ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಸದ್ದು ಮಾಡುತ್ತದೆ. ಅದು ಕಡಿದರೆ ರಕ್ತ ಹೆಪ್ಪುಗಟ್ಟದೆ ಸೋರುತ್ತದೆ. ವಿಷದಲ್ಲಿರುವ ಹಲವು ಪ್ರೋಟೀನುಗಳು ಸೇರಿ ಮಾಡುವ ಅನಾಹುತ ಅದು. ಅವುಗಳಲ್ಲಿ ಎಕಿಸ್ಟಾಟಿನ್ ಎಂಬುದು ಬರೀ 49 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು. ಅದರೊಳಗೆ ಆರ್ಜಿನೀನ್, ಗ್ಲೈಸೀನ್, ಆಸ್ಪಾರ್ಟಿಕ್ ಆಮ್ಲ ಎಂಬ ಮೂರು ಇದೇ ಕ್ರಮದಲ್ಲಿ ಒಂದರ ಪಕ್ಕ ಒಂದು ಕೂತಿವೆ. ಈ ಮೂರರ ಒಂದಕ್ಷರದ ಸಂಕೇತಗಳನ್ನು ಸೇರಿಸಿ ವಿಜ್ಞಾನಿಗಳು ಇದನ್ನು ಆರ್‌ಜಿಡಿ ಎನ್ನುತ್ತಾರೆ.

ಈ ಮೂರರ ಮಹತ್ವ ತಿಳಿದದ್ದು ಹಾವಿನಿಂದಲ್ಲ. ನಮ್ಮ ರಕ್ತದಲ್ಲಿ, ಚರ್ಮದ ಕೆಳಗಿನ ಅಂಗಾಂಶದಲ್ಲಿ ಫೈಬ್ರೊನೆಕ್ಟಿನ್ ಎಂಬ ದೊಡ್ಡ ಪ್ರೋಟೀನು ಇದೆ. ಕೋಶಗಳು ಅದನ್ನು ಹಿಡಿದು ನಿಲ್ಲುತ್ತವೆ. ಅಷ್ಟು ದೊಡ್ಡ ಪ್ರೋಟೀನಿನಲ್ಲಿ ಕೋಶ ಹಿಡಿಯುವುದು ಯಾವ ಜಾಗವನ್ನು? ಕ್ಯಾಲಿಫೋರ್ನಿಯಾದಲ್ಲಿ ಪಿಯರ್ಶ್‌ಬಾಕರ್ ಮತ್ತು ರುಓಸ್ಲಾಟಿ ಅದನ್ನು ತುಂಡು ಮಾಡುತ್ತಾ ಹೋಗಿ 1984ರಲ್ಲಿ ಆರ್‌ಜಿಡಿಗೆ ಬಂದು ಮುಟ್ಟಿದರು. ಹಿಡಿಯುವ ಕೈ ಕೋಶದ ಪೊರೆಯಲ್ಲಿರುವ ಇಂಟಿಗ್ರಿನ್ ಎಂಬ ಗ್ರಾಹಕ. ಹಾವಿನ ಎಕಿಸ್ಟಾಟಿನ್ ರಕ್ತದ ಕಿರುಬಿಲ್ಲೆಗಳ (ಪ್ಲೇಟ್‌ಲೆಟ್) ಇಂಟಿಗ್ರಿನ್ನಿಗೆ ತನ್ನ ಆರ್‌ಜಿಡಿಯನ್ನು ಕೊಟ್ಟು ಅದನ್ನು ಕಟ್ಟಿಹಾಕುತ್ತದೆ. ಕಿರುಬಿಲ್ಲೆಗಳು ಪರಸ್ಪರ ಅಂಟಿಕೊಳ್ಳಲಾರವು. ಇದೇ ತಿಳಿವಳಿಕೆಯಿಂದ ಟೈರೋಫೈಬಾನ್ ಎಂಬ ಔಷಧ ಬಂತು. 1998ರಲ್ಲಿ ಅಮೆರಿಕದಲ್ಲಿ ಅದಕ್ಕೆ ಮಂಜೂರಾತಿ ಸಿಕ್ಕಿತು. ಹೃದಯದ ರಕ್ತನಾಳ ಕಟ್ಟಿಕೊಂಡವರಿಗೆ ಇವತ್ತಿಗೂ ಕೊಡುತ್ತಾರೆ. ಹೊಲದಲ್ಲಿ ಶೇಂಗಾ ಕೀಳುವವರು ಹೆದರುವ ಹಾವು ಪೇಟೆಯ ಹೃದಯರೋಗಿಗೆ ಉಪಕಾರ ಮಾಡಿದೆ.

ಫೈಬ್ರೊನೆಕ್ಟಿನ್ ಸಿಕ್ಕಿದ ಕೋಶ ಸುಮ್ಮನೆ ಅಂಟಿಕೊಂಡು ಕೂರುವುದಿಲ್ಲ. ಗಾಜಿನ ತಟ್ಟೆಯ ಮೇಲೆ ಆರ್‌ಜಿಡಿ ಬಳಿದು ಕೋಶಗಳನ್ನು ಬಿಟ್ಟರೆ, ಗುಂಡಗಿದ್ದ ಕೋಶ ಸ್ವಲ್ಪ ಹೊತ್ತಿನಲ್ಲೇ ಅಂಚು ಚಾಚಿ, ಹರಡಿ, ಚಪ್ಪಟೆಯಾಗಿ ನಡೆಯಲು ಹೊರಡುತ್ತದೆ. ಆಕಾರ ಬದಲಾಯಿತು ಎಂದರೆ ಒಳಗಿನ ಆಕ್ಟಿನ್ ಬದಲಾಯಿತು ಎಂದೇ ಅರ್ಥ. ಆಕ್ಟಿನ್ ಅನ್ನು ಮೊದಲು ಬೇರ್ಪಡಿಸಿದ್ದು ಹಂಗರಿಯ ಸೆಗೆಡ್‌ನಲ್ಲಿ, 1942ರ ಯುದ್ಧಕಾಲದಲ್ಲಿ, ಸೆಂಟ್-ಗ್ಯೋರ್ಗಿಯವರ ಪ್ರಯೋಗಾಲಯದ ಸ್ಟ್ರಾಬ್. ಸ್ನಾಯುವಿನ ಪ್ರೋಟೀನು ಎಂದು ತಿಳಿದದ್ದು ಆಮೇಲೆ ನೋಡಿದರೆ ಗಿಡ, ಅಣಬೆ, ಅಮೀಬಾ ಎಲ್ಲದರಲ್ಲೂ ಇತ್ತು. ಸ್ನಾಯುವಿನ ಆಕ್ಟಿನ್ 375 ಅಮೈನೋ ಆಮ್ಲಗಳ ಒಂದೊಂದು ಬಿಡಿ ಘಟಕ. ಇಂಥ ಘಟಕಗಳು ಸಾಲಾಗಿ ಹೆಣೆದುಕೊಂಡರೆ ಸುಮಾರು 7 ನ್ಯಾನೊಮೀಟರ್ ದಪ್ಪದ ಎಳೆ. ಎಳೆಯ ಒಂದು ತುದಿ ಬೇಗ ಬೆಳೆಯುತ್ತದೆ, ಇನ್ನೊಂದು ತುದಿ ಸವೆಯುತ್ತದೆ. ಪುಸ್ತಕಗಳು ಇದನ್ನು ಕೋಶಪಂಜರ ಎನ್ನುತ್ತವೆ. ಆದರೆ ಇದು ನಿಂತಲ್ಲಿ ನಿಲ್ಲದ, ಕಟ್ಟುತ್ತಾ ಕಳಚುತ್ತಾ ಇರುವ ಪಂಜರ. ಎಲ್ಲಿ ಕಟ್ಟಬೇಕು, ಎಲ್ಲಿ ಕಳಚಬೇಕು ಎಂದು ಹೇಳುವವರು ಯಾರು?

ಹೇಳುವವರಲ್ಲಿ ಮುಖ್ಯರು ಕೈನೇಸ್‌ಗಳು. ಎಟಿಪಿ ಎಂಬ ಶಕ್ತಿಯ ಅಣುವಿನಿಂದ ಒಂದು ಫಾಸ್ಫೇಟನ್ನು ಕಿತ್ತು ಬೇರೆ ಪ್ರೋಟೀನಿನ ಮೇಲೆ ಕೂರಿಸುವುದು ಇವುಗಳ ಕೆಲಸ. ಆ ಫಾಸ್ಫೇಟನ್ನು ತೆಗೆಯುವವು ಫಾಸ್ಫಟೇಸ್‌ಗಳು. ಫಾಸ್ಫೇಟ್ ಕೂತರೆ ಕೆಲವು ಪ್ರೋಟೀನುಗಳು ಎಚ್ಚರಾಗುತ್ತವೆ, ಕೆಲವು ಮಲಗುತ್ತವೆ. ಅಮೆರಿಕದ ಸಿಯಾಟಲ್‌ನಲ್ಲಿ ಫಿಷರ್ ಮತ್ತು ಕ್ರೆಬ್ಸ್ 1955ರ ಹೊತ್ತಿಗೆ ಸ್ನಾಯುವಿನ ಒಂದು ಕಿಣ್ವದಲ್ಲಿ ಇದನ್ನು ಕಂಡರು. ನೊಬೆಲ್ ಬಂದದ್ದು 1992ರಲ್ಲಿ. ಮನುಷ್ಯನ ಜೀನುಗಳ ಪಟ್ಟಿ ಕೈಗೆ ಬಂದ ಮೇಲೆ 2002ರಲ್ಲಿ ಎಣಿಸಿದಾಗ ಕೈನೇಸ್‌ಗಳ ಸಂಖ್ಯೆ 518 ಎಂದಾಯಿತು.

ಫಾಸ್ಫೇಟ್ ಕೂರುವುದು ಸೆರೀನ್, ಥ್ರಿಯೊನೀನ್ ಎಂಬ ಎರಡು ಅಮೈನೋ ಆಮ್ಲಗಳ ಮೇಲೆ ಎಂದು ಬಹುಕಾಲ ನಂಬಿದ್ದರು. ಮೂರನೆಯದಾದ ಟೈರೊಸೀನ್ ಸಿಕ್ಕ ಕಥೆ ಸ್ವಾರಸ್ಯವಾದದ್ದು. 1911ರಲ್ಲಿ ಪೇಟನ್ ರೌಸ್ ಕೋಳಿಯ ಗಡ್ಡೆಯೊಂದರಿಂದ ವೈರಸ್ಸನ್ನು ತೋರಿಸಿದ್ದರು. ಅದಕ್ಕೆ ನೊಬೆಲ್ ಬರುವಾಗ 1966, ಅವರಿಗೆ 87 ವರ್ಷ. ಆ ವೈರಸ್ ಗಡ್ಡೆ ಬರಿಸುವುದು ‘ಸಾರ್ಕ್’ ಎಂಬ ಪ್ರೋಟೀನಿನಿಂದ, ಅದು ಒಂದು ಕೈನೇಸ್ ಎಂಬುದು ಎಪ್ಪತ್ತರ ದಶಕದಲ್ಲಿ ತಿಳಿಯಿತು. 1979ರಲ್ಲಿ ಅಮೆರಿಕದ ಸಾಕ್ ಸಂಸ್ಥೆಯ ಟೋನಿ ಹಂಟರ್ ಇನ್ನೊಂದು ವೈರಸ್ಸಿನ ಪ್ರೋಟೀನಿನ ಮೇಲೆ ಕೆಲಸ ಮಾಡುತ್ತಾ ಫಾಸ್ಫೇಟ್ ಹೊತ್ತ ಅಮೈನೋ ಆಮ್ಲಗಳನ್ನು ವಿದ್ಯುತ್ತಿನಿಂದ ಬೇರ್ಪಡಿಸುತ್ತಿದ್ದರು. ಅದಕ್ಕೆ ಬೇಕಾದ ದ್ರಾವಣದ ಪಿಎಚ್ (ಆಮ್ಲೀಯತೆಯ ಅಳತೆ) 1.9 ಇರಬೇಕಿತ್ತು. ಹೊಸದಾಗಿ ಕಲಸಲು ಬೇಸರಪಟ್ಟು ಹಳೆಯದನ್ನೇ ಬಳಸಿದರು; ಅದು 1.7ಕ್ಕೆ ಇಳಿದಿತ್ತು. ಸರಿಯಾದ ದ್ರಾವಣದಲ್ಲಿ ಒಂದೇ ಕಲೆಯಾಗಿ ಕಾಣುತ್ತಿದ್ದ ಥ್ರಿಯೊನೀನ್ ಮತ್ತು ಟೈರೊಸೀನ್ ಆ ಹಳೇ ದ್ರಾವಣದಲ್ಲಿ ಎರಡಾಗಿ ಬೇರ್ಪಟ್ಟವು. ವಿದ್ಯಾರ್ಥಿಗಳು ಇದನ್ನು ಸೋಮಾರಿತನಕ್ಕೆ ಸರ್ಟಿಫಿಕೇಟು ಎಂದುಕೊಳ್ಳಬಾರದು. ಎಲ್ಲೂ ಇರಬಾರದ ಒಂದು ಕಲೆ ಕಂಡಾಗ ಹಂಟರ್ ಅದನ್ನು ಒರೆಸಿಹಾಕಲಿಲ್ಲ. ಅದು ಟೈರೊಸೀನೇ ಎಂದು ತಯಾರಿಸಿದ ಮಾದರಿಯ ಜೊತೆ ಹೋಲಿಸಿ ಖಚಿತ ಮಾಡಿಕೊಂಡರು.

ಇನ್ನು ಬಾಣಗಳ ವಿಷಯ. ಹೊರಗಿನ ಸುದ್ದಿಗೂ ಆಕ್ಟಿನ್ನಿಗೂ ಮೊದಲ ಗಟ್ಟಿ ಕೊಂಡಿ ಸಿಕ್ಕಿದ್ದು 1992ರಲ್ಲಿ, ಲಂಡನ್ನಿನಲ್ಲಿ. ಆನ್ ರಿಡ್ಲಿ ಮತ್ತು ಅಲನ್ ಹಾಲ್ ಇಲಿಯ ಕೋಶಗಳನ್ನು ರಕ್ತದ ತಿಳಿಯಾದ ಸೀರಂ ಕೊಡದೆ ಉಪವಾಸ ಇಟ್ಟರು. ಯಾಕೆ ಉಪವಾಸ? ಸೀರಂ ತುಂಬ ಸುದ್ದಿಗಳೇ ಇರುತ್ತವೆ. ಕೋಶದ ತುಂಬ ಆಕ್ಟಿನ್ ಕಟ್ಟುಗಳು ಮೊದಲೇ ಎದ್ದಿರುತ್ತವೆ. ಅದರ ಮೇಲೆ ನೀವೇನು ಮಾಡಿದರೂ ನಿಮ್ಮಿಂದಾದದ್ದು ಯಾವುದು ಎಂದು ಗೊತ್ತಾಗುವುದಿಲ್ಲ. ಉಪವಾಸ ಬಿದ್ದ ಕೋಶದಲ್ಲಿ ಕಟ್ಟುಗಳು ಕರಗಿ ಹಿನ್ನೆಲೆ ಶುಭ್ರವಾಗುತ್ತದೆ. ಆಗ ಕೂದಲಿಗಿಂತ ಸಪೂರದ ಗಾಜಿನ ಸೂಜಿಯಲ್ಲಿ ರೋ ಎಂಬ ಪ್ರೋಟೀನನ್ನು ಒಂದೊಂದೇ ಕೋಶಕ್ಕೆ ಚುಚ್ಚಿದರು. ಕೆಲವೇ ನಿಮಿಷಗಳಲ್ಲಿ ಆ ಕೋಶದಲ್ಲಿ ದಪ್ಪ ಆಕ್ಟಿನ್ ಕಟ್ಟುಗಳು ಎದ್ದವು. ಪಕ್ಕದ, ಚುಚ್ಚದ ಕೋಶದಲ್ಲಿ ಇಲ್ಲ. ರ‍್ಯಾಕ್ ಎಂಬ ಅದರ ದಾಯಾದಿಯನ್ನು ಚುಚ್ಚಿದರೆ ಕಟ್ಟುಗಳಿಗಿಂತ ಮೊದಲು ಅಂಚಿನಲ್ಲಿ ನಿರಿಗೆ ಎದ್ದಿತು. ಇದು ಅರ್ಧ ಸಾಕ್ಷಿ. ಇನ್ನರ್ಧಕ್ಕಾಗಿ ಒಂದು ಬ್ಯಾಕ್ಟೀರಿಯಾದ ಕಿಣ್ವವನ್ನು ತಂದು ರೋವನ್ನು ನಿಷ್ಕ್ರಿಯಗೊಳಿಸಿದರು. ಆಮೇಲೆ ಸೀರಂನಲ್ಲಿರುವ ಪ್ರಚೋದಕವನ್ನು ಸುರಿದರೂ ಕಟ್ಟು ಏಳಲಿಲ್ಲ. ರೋ ಇದ್ದರೆ ಸಾಕು, ಇಲ್ಲದಿದ್ದರೆ ಆಗದು. ಬಾಣಕ್ಕೆ ಈ ಎರಡೂ ಸಾಕ್ಷಿ ಬೇಕು.

ನನಗೆ ಈ ಪ್ರಯೋಗ ಇಷ್ಟ. ಇದರಲ್ಲಿ ದುಬಾರಿ ಯಂತ್ರಕ್ಕಿಂತ ಹೋಲಿಕೆಗೆ ಇಟ್ಟುಕೊಂಡ ಕೋಶಗಳೇ ಹೆಚ್ಚು ಮಾತಾಡುತ್ತವೆ.

ಆದರೆ ರೋ ಕೈನೇಸ್ ಅಲ್ಲ. ಅದರಿಂದ ಆಕ್ಟಿನ್ನಿಗೆ ನಡುವೆ ಯಾರು? 1995–96ರಲ್ಲಿ ಜಪಾನಿನ ಮತ್ತು ಸಿಂಗಪುರದ ಪ್ರಯೋಗಾಲಯಗಳು ಹೆಚ್ಚುಕಡಿಮೆ ಒಟ್ಟಿಗೆ ಉತ್ತರ ಕಂಡವು. ಜಪಾನಿನ ಒಂದು ತಂಡದ ವಿಧಾನ ನೋಡಿ. ಸಣ್ಣ ಮಣಿಗಳಿಗೆ ರೋವನ್ನು ಅಂಟಿಸಿ, ದನದ ಮಿದುಳಿನ ಸಾರವನ್ನು ಅದರ ಮೇಲೆ ಹರಿಸಿದರು. ಒಂದು ಕೊಳವೆಯಲ್ಲಿ ಎಚ್ಚರದ ಸ್ಥಿತಿಯ ರೋ, ಇನ್ನೊಂದರಲ್ಲಿ ಮಲಗಿದ ರೋ. ಎಚ್ಚರದ ರೋಗೆ ಮಾತ್ರ ಅಂಟಿಕೊಂಡು ಬಂದದ್ದು ಒಂದು ಕೈನೇಸ್. ಅದಕ್ಕೆ ರಾಕ್ ಎಂದು ಹೆಸರಾಯಿತು. 1998ರಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಜಪಾನಿನ ಎರಡು ತಂಡಗಳು ಲಿಮ್ ಕೈನೇಸ್ ಎಂಬುದು ಕೊಫಿಲಿನ್ ಎಂಬ ಪ್ರೋಟೀನಿನ ಮೂರನೆಯ ಅಮೈನೋ ಆಮ್ಲವಾದ ಸೆರೀನಿಗೆ ಫಾಸ್ಫೇಟ್ ಕೂರಿಸುತ್ತದೆ ಎಂದು ತೋರಿಸಿದವು. ಕೊಫಿಲಿನ್ ಆಕ್ಟಿನ್ ಎಳೆಯನ್ನು ಕತ್ತರಿಸುವ ಪ್ರೋಟೀನು. ಫಾಸ್ಫೇಟ್ ಕೂತರೆ ಅದು ಎಳೆಯನ್ನು ಹಿಡಿಯಲಾರದು. ಮರುವರ್ಷ ಕ್ಯೋಟೊದ ತಂಡ ರಾಕ್ ಹೋಗಿ ಲಿಮ್ ಕೈನೇಸನ್ನು ಎಬ್ಬಿಸುತ್ತದೆ ಎಂದು ತೋರಿಸಿ ಸರಪಳಿಯನ್ನು ಕೂಡಿಸಿತು. ಹೀಗೆ ರೋ ಎದ್ದರೆ ರಾಕ್ ಏಳುತ್ತದೆ, ರಾಕ್ ಎದ್ದರೆ ಲಿಮ್ ಕೈನೇಸ್ ಏಳುತ್ತದೆ, ಅದು ಎದ್ದರೆ ಕೊಫಿಲಿನ್ ಮಲಗುತ್ತದೆ, ಎಳೆಗಳು ಕತ್ತರಿ ಇಲ್ಲದೆ ಉಳಿಯುತ್ತವೆ. ಫಾಸ್ಫೇಟನ್ನು ತೆಗೆದು ಕೊಫಿಲಿನ್ನನ್ನು ಮತ್ತೆ ಎಬ್ಬಿಸುವ ಸ್ಲಿಂಗ್‌ಶಾಟ್ ಎಂಬ ಫಾಸ್ಫಟೇಸ್ 2002ರಲ್ಲಿ ಹಣ್ಣುನೊಣದಲ್ಲಿ ಸಿಕ್ಕಿತು.

ಇಷ್ಟನ್ನು ಹೇಳಲು ನನಗೆ ಎರಡು ನಿಮಿಷ ಹಿಡಿಯಿತು, ಅವರಿಗೆ ಹತ್ತು ವರ್ಷ. ಈ ಕ್ರಮ, ಅಂದರೆ ಯಾರು ಮೇಲೆ ಯಾರು ಕೆಳಗೆ ಎಂಬುದು ಹೇಗೆ ಗೊತ್ತಾಗುತ್ತದೆ? ಒಂದು ಕೆರೆಯ ಕೋಡಿ ಬಿದ್ದು ಮುಂದಿನ ಕೆರೆ ತುಂಬುವ ಸಾಲುಕೆರೆಗಳನ್ನು ನೀವು ಬಲ್ಲಿರಿ. ನೆಲದ ಇಳಿಜಾರು ಗೊತ್ತಿಲ್ಲದ ಪರಊರಿನವನೊಬ್ಬ ಯಾವ ಕೆರೆ ಯಾವುದಕ್ಕೆ ನೀರು ಕೊಡುತ್ತದೆ ಎಂದು ಹೇಗೆ ತಿಳಿದಾನು? ಒಂದರ ನೀರು ತಡೆದು ಇನ್ನೊಂದು ಒಣಗುತ್ತದೆಯೇ ಎಂದು ನೋಡಬೇಕು. ಅದು ಸಾಲದು, ಬೇಸಿಗೆಯಲ್ಲಿ ಎಲ್ಲವೂ ಒಣಗುತ್ತವೆ. ಮೇಲಿನದನ್ನು ಕಟ್ಟಿಹಾಕಿ, ಕೆಳಗಿನದಕ್ಕೆ ತಾನೇ ನೀರು ತುಂಬಿಸಿ, ಅದರ ಅಚ್ಚುಕಟ್ಟು ನೆನೆಯಿತೇ ನೋಡಬೇಕು. ನೆನೆದರೆ ಅದು ಕೆಳಗಿನ ಕೆರೆ. ಪ್ರಯೋಗಾಲಯದಲ್ಲೂ ಇದೇ: ರಾಕ್ ಅನ್ನು ತಡೆದು, ಸದಾ ಎಚ್ಚರವಿರುವ ಹಾಗೆ ಬದಲಿಸಿದ ಲಿಮ್ ಕೈನೇಸನ್ನು ಕೋಶಕ್ಕೆ ಕೊಡುತ್ತಾರೆ. ಕೊಫಿಲಿನ್ ಮಲಗಿತು ಎಂದರೆ ಲಿಮ್ ಕೈನೇಸ್ ಕೆಳಗಿದೆ. ಒಂದು ಕೆರೆಗೆ ಎರಡು ಹಳ್ಳ ಸೇರುವುದೂ ಉಂಟು. 1999ರಲ್ಲೇ ಪ್ಯಾಕ್ ಎಂಬ ಇನ್ನೊಂದು ಕೈನೇಸ್, ಬೇರೆ ದಾರಿಯಿಂದ ಬಂದು, ಲಿಮ್ ಕೈನೇಸನ್ನು ಅದೇ ಜಾಗದಲ್ಲಿ ಎಬ್ಬಿಸುತ್ತದೆ ಎಂದು ಗೊತ್ತಾಯಿತು. ಹಾಗಾಗಿ ಕೊಫಿಲಿನ್ ಮೇಲೆ ಫಾಸ್ಫೇಟ್ ಕಂಡ ಕೂಡಲೇ ‘ರೋ ಎದ್ದಿದೆ’ ಎನ್ನುವಂತಿಲ್ಲ. ಕೆರೆಯ ಹೋಲಿಕೆ ಇಲ್ಲಿಗೆ ನಿಲ್ಲಬೇಕು. ನೀರು ಹರಿದಷ್ಟೂ ಕಡಿಮೆಯಾಗುತ್ತದೆ. ಕೈನೇಸ್ ಒಂದೊಂದೂ ನೂರಾರು ಅಣುಗಳನ್ನು ಎಬ್ಬಿಸಬಲ್ಲದು, ಕೋಶದ ಸುದ್ದಿ ಹೋಗುತ್ತಾ ಹೆಚ್ಚಬಲ್ಲದು.

ತಡೆಯುವುದು ಎಂದು ಸಲೀಸಾಗಿ ಹೇಳಿಬಿಟ್ಟೆ. ತಡೆಯುವ ಔಷಧಗಳೇ ಈ ಕ್ಷೇತ್ರದಲ್ಲಿ ಹೆಚ್ಚು ಮೋಸ ಮಾಡಿದವು. 518 ಕೈನೇಸ್‌ಗಳಲ್ಲಿ ಬಹುಪಾಲು ಎಟಿಪಿಯನ್ನು ಹಿಡಿಯುವ ಗೂಡನ್ನು ಹೆಚ್ಚುಕಡಿಮೆ ಒಂದೇ ಮಾದರಿಯಲ್ಲಿ ಇಟ್ಟುಕೊಂಡಿವೆ. ಆ ಗೂಡಿಗೆ ಬೀಳುವ ರಾಸಾಯನಿಕ ಒಂದಕ್ಕೇ ಬೀಳುತ್ತದೆ ಎಂಬ ಭರವಸೆ ಇಲ್ಲ. 1977ರಲ್ಲಿ ಜಪಾನಿನ ಮಣ್ಣಿನ ಬ್ಯಾಕ್ಟೀರಿಯಾದಿಂದ ಬಂದ ಸ್ಟೌರೊಸ್ಪೊರಿನ್ ಹತ್ತಾರು ಕೈನೇಸ್‌ಗಳನ್ನು ಒಟ್ಟಿಗೆ ಕೆಡವುತ್ತದೆ. 1997ರಲ್ಲಿ ಬಂದ ವೈ-27632 ರಾಕ್‌ಗೇ ಮೀಸಲು ಎಂದು ಜಗತ್ತೆಲ್ಲ ಕೊಂಡು ಬಳಸಿತು. 2000ದಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ಫಿಲಿಪ್ ಕೋಹೆನ್ ಮತ್ತು ಸಂಗಡಿಗರು ಬಳಕೆಯಲ್ಲಿದ್ದ ಹಲವು ಔಷಧಗಳನ್ನು ಸಾಲಾಗಿ ಹಲವು ಕೈನೇಸ್‌ಗಳ ಮೇಲೆ ಪರೀಕ್ಷಿಸಿದಾಗ, ವೈ-27632 ಇನ್ನೊಂದು ಕೈನೇಸನ್ನೂ ಅಷ್ಟೇ ಜೋರಾಗಿ ತಡೆಯುತ್ತದೆ ಎಂದು ಬಯಲಾಯಿತು. ಆಕ್ಟಿನ್ ಎಳೆಗಳನ್ನು ಹಿಡಿದು ಎಳೆಯುವ ಮಯೋಸಿನ್ ಎಂಬ ಪ್ರೋಟೀನನ್ನು ತಡೆಯುವ ಬ್ಲೆಬಿಸ್ಟಾಟಿನ್ ನೀಲಿ ಬೆಳಕು ಬಿದ್ದರೆ ಕೆಡುತ್ತದೆ, ಕೋಶಕ್ಕೆ ವಿಷವೂ ಆಗುತ್ತದೆ. ಕೋಶದಲ್ಲಿ ಗುರುತಿಗೆಂದು ಬಳಸುವ ಹಸಿರು ಹೊಳಪಿನ ಪ್ರೋಟೀನನ್ನು ಸೂಕ್ಷ್ಮದರ್ಶಕದಲ್ಲಿ ನೋಡಲು ಹಾಕುವುದು ಅದೇ ನೀಲಿ ಬೆಳಕು! ಫಾರ್ಮಿನ್ ಎಂಬ ಆಕ್ಟಿನ್ ಕಟ್ಟುವ ಪ್ರೋಟೀನುಗಳಿಗೆ ಸ್ಮಿಫ್‌ಎಚ್2 ಎಂಬ ತಡೆ ಇತ್ತು. ಅದು ಮಯೋಸಿನ್‌ಗಳನ್ನೂ ತಡೆಯುತ್ತದೆ ಎಂಬುದು 2021ರಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ಅದನ್ನು ನಂಬಿ ಎಳೆದ ಬಾಣಗಳು ಎಷ್ಟೋ.

ಆದ್ದರಿಂದ ಔಷಧ ಒಂದನ್ನೇ ಸಾಕ್ಷಿ ಕಟ್ಟೆಗೆ ಹತ್ತಿಸಿದ ಪ್ರಬಂಧವನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ಒಂದು ಬಾಣ ನಿಲ್ಲಬೇಕಾದರೆ ಸಾಕ್ಷಿಗಳು ಬೇರೆ ಬೇರೆ ದಿಕ್ಕಿನಿಂದ ಬರಬೇಕು. ಕೈನೇಸಿನ ಜೀನನ್ನೇ ತೆಗೆದ ಕೋಶ ಬೇಕು. ಆ ಕೋಶಕ್ಕೆ ಜೀನನ್ನು ಮರಳಿ ಕೊಟ್ಟಾಗ ಎಲ್ಲ ಮೊದಲಿನಂತಾಗಬೇಕು. ಕೊಟ್ಟದ್ದು ಫಾಸ್ಫೇಟ್ ಕೂರಿಸಲಾರದ ಹಾಗೆ ಕೆಡಿಸಿದ ಜೀನಾದರೆ ಮೊದಲಿನಂತಾಗಬಾರದು. ಸರಪಳಿಯ ಕೆಳತುದಿಯಲ್ಲೂ ಪರೀಕ್ಷೆ ಇದೆ: ಕೊಫಿಲಿನ್ನಿನ ಮೂರನೆಯ ಸ್ಥಾನದ ಸೆರೀನನ್ನು ಅಲನೀನ್ ಆಗಿ ಬದಲಿಸಿದರೆ ಫಾಸ್ಫೇಟಿಗೆ ಕೂರಲು ಜಾಗವೇ ಇಲ್ಲ. ಆಗಲೂ ಲಿಮ್ ಕೈನೇಸ್ ಅದೇ ಪರಿಣಾಮ ತೋರಿದರೆ ದಾರಿ ಕೊಫಿಲಿನ್ ಮೂಲಕ ಹೋಗುತ್ತಿಲ್ಲ ಎಂದಾಯಿತು. ಕಡೆಗೆ, ಕೋಶವನ್ನೇ ಬಿಟ್ಟು, ಶುದ್ಧ ಮಾಡಿದ ಎರಡೇ ಪ್ರೋಟೀನುಗಳನ್ನು ವಿಕಿರಣಶೀಲ ರಂಜಕ ಇರುವ ಎಟಿಪಿ ಜೊತೆ ಕೊಳವೆಯಲ್ಲಿ ಬೆರೆಸಬೇಕು. ನಡುವೆ ಮೂರನೆಯವರಿಲ್ಲ ಎಂಬುದಕ್ಕೆ ಅದು ಪುರಾವೆ. ಕೋಶದಲ್ಲಿ ನಿಜಕ್ಕೂ ಹಾಗೆ ನಡೆಯುತ್ತದೆ ಎಂಬುದಕ್ಕೆ ಅದೇ ಪುರಾವೆಯಲ್ಲ. ಕೊಳವೆಯಲ್ಲಿ ಅನೇಕ ಕೈನೇಸ್‌ಗಳು ಸಿಕ್ಕಿದ್ದಕ್ಕೆಲ್ಲ ಫಾಸ್ಫೇಟ್ ಅಂಟಿಸುತ್ತವೆ.

ಇನ್ನು ಬೆಂಗಳೂರಿಗೆ ಬರೋಣ. ಹೆಬ್ಬಾಳದಾಚೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಇದೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಭಾಗವದು. ಅಲ್ಲಿ ಸತ್ಯಜಿತ್ ಮೇಯರ್ ಮತ್ತು ಅವರ ವಿದ್ಯಾರ್ಥಿಗಳು ಕೋಶದ ಪೊರೆಯನ್ನು ಅಧ್ಯಯನ ಮಾಡುತ್ತಾ ಬಂದರು. ಪೊರೆಯ ಹೊರಮೈಯಲ್ಲಿ ಕೊಬ್ಬಿನ ಕೊಂಡಿಯಿಂದ ಸಿಕ್ಕಿಕೊಂಡಿರುವ ಕೆಲವು ಪ್ರೋಟೀನುಗಳಿವೆ. ಅವು ಬಿಡಿಬಿಡಿಯಾಗಿ ತೇಲುತ್ತವೆಯೇ, ಗುಂಪಾಗಿವೆಯೇ? ಗುಂಪು ಎಂದರೆ ಒಂದು ಕೈಯ ಬೆರಳುಗಳಲ್ಲಿ ಎಣಿಸುವಷ್ಟು ಅಣುಗಳ ಗುಂಪು; ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಅದು ಕಾಣುವುದೇ ಇಲ್ಲ. ಅವರು ಹಿಡಿದ ಉಪಾಯ ಬೆಳಕಿನದು. ಒಂದೇ ದಿಕ್ಕಿಗೆ ಕಂಪಿಸುವ ಬೆಳಕನ್ನು ಹೊಳೆಯುವ ಅಣುವಿನ ಮೇಲೆ ಹಾಯಿಸಿದರೆ ಅದು ಮರಳಿ ಕೊಡುವ ಬೆಳಕೂ ಬಹುಮಟ್ಟಿಗೆ ಅದೇ ದಿಕ್ಕಿನದು. ಪಕ್ಕದಲ್ಲಿ, 10 ನ್ಯಾನೊಮೀಟರಿನೊಳಗೆ, ಅದರಂಥದೇ ಅಣು ಇದ್ದರೆ ಶಕ್ತಿ ಅದಕ್ಕೆ ದಾಟಿ ದಿಕ್ಕು ಕಲಸಿಹೋಗುತ್ತದೆ. ದಿಕ್ಕು ಎಷ್ಟು ಕಲಸಿತು ಎಂದು ಅಳೆದರೆ ಅಣುಗಳು ಎಷ್ಟು ಒತ್ತಾಗಿವೆ ಎಂದು ತಿಳಿಯುತ್ತದೆ. ಈ ವಿಧಾನದಿಂದ 1998ರಲ್ಲೇ ಗುಂಪುಗಳ ಸುಳಿವು ಕೊಟ್ಟಿದ್ದರು. 2012ರಲ್ಲಿ, ಭೌತವಿಜ್ಞಾನಿ ಮದನ್ ರಾವ್ ಜೊತೆ ಸೇರಿ, ಪೊರೆಯ ಒಳಮೈಗೆ ತಾಗಿಕೊಂಡಿರುವ ಆಕ್ಟಿನ್ ಎಳೆಗಳು ಮಯೋಸಿನ್ ಬಲದಿಂದ ಈ ಗುಂಪುಗಳನ್ನು ಕೂಡಿಸುತ್ತವೆ ಎಂಬ ವಿವರಣೆಯನ್ನು ಮುಂದಿಟ್ಟರು.

2019ರ ಪ್ರಬಂಧದ ಪ್ರಶ್ನೆ ಇದು: ಆಕ್ಟಿನ್ನಿಗೆ ಗುಂಪು ಕೂಡಿಸು ಎಂದು ಅಪ್ಪಣೆ ಕೊಡುವವರು ಯಾರು? ಮೊದಲು ಆರ್‌ಜಿಡಿ ಇರುವ ಪ್ರೋಟೀನು ಸಿಕ್ಕಿ ಬೀಟಾ-1 ಇಂಟಿಗ್ರಿನ್ ಅದನ್ನು ಹಿಡಿಯಬೇಕು. ಇಂಟಿಗ್ರಿನ್ನಿಗೆ ತನ್ನದೇ ಕಿಣ್ವಶಕ್ತಿ ಇಲ್ಲ. ಅದು ಎಬ್ಬಿಸುವುದು ನಾವು ಆಗ ನೋಡಿದ ಸಾರ್ಕ್ ಕೈನೇಸನ್ನು ಮತ್ತು ಫ್ಯಾಕ್ ಎಂಬ, ಕೋಶ ನೆಲ ಹಿಡಿಯುವ ಜಾಗದಲ್ಲಿ ಕೂರುವ ಇನ್ನೊಂದು ಟೈರೊಸೀನ್ ಕೈನೇಸನ್ನು. ಫ್ಯಾಕ್ ತನ್ನ 397ನೆಯ ಟೈರೊಸೀನಿಗೆ ತಾನೇ ಫಾಸ್ಫೇಟ್ ಹಾಕಿಕೊಳ್ಳುತ್ತದೆ, ಆ ಫಾಸ್ಫೇಟನ್ನು ಹಿಡಿದು ಸಾರ್ಕ್ ಬಂದು ಕೂರುತ್ತದೆ ಎಂಬುದು ಮೊದಲೇ ಗೊತ್ತಿದ್ದ ಸಂಗತಿ. ಬೆಂಗಳೂರಿನ ಕೆಲಸ ಅಲ್ಲಿಂದ ಮುಂದಕ್ಕೆ ಹೋಯಿತು. ಈ ಎರಡು ಕೈನೇಸ್‌ಗಳಿಂದ ರೋ ಏಳುತ್ತದೆ. ರೋದಿಂದ ಕೆಲವು ನಿರ್ದಿಷ್ಟ ಫಾರ್ಮಿನ್‌ಗಳು ಹೊಸ ಆಕ್ಟಿನ್ ಎಳೆ ಕಟ್ಟಲು ತೊಡಗುತ್ತವೆ. ಮಯೋಸಿನ್ ಎಳೆಯುತ್ತದೆ, ಆಕ್ಟಿನ್ನನ್ನು ಹಿಡಿಯುವ ಪೊರೆಯ ಪ್ರೋಟೀನುಗಳು ಗುಂಪಾಗುತ್ತವೆ.

ಇಲ್ಲಿಗೆ ಮುಗಿಸಿದ್ದರೆ ಅದು ಇನ್ನೊಂದು ಬಾಣಗಳ ಚಿತ್ರವಾಗುತ್ತಿತ್ತು. ಎರಡು ಸಂಗತಿಗಳು ಅದನ್ನು ಬೇರೆಯಾಗಿಸಿದವು. ಕೊಬ್ಬಿನ ಕೊಂಡಿಯ ಪ್ರೋಟೀನುಗಳು ಪೊರೆಯ ಹೊರಮೈಯಲ್ಲಿವೆ, ಆಕ್ಟಿನ್ ಒಳಗಿದೆ. ಅವು ಗುಂಪಾಗಲು ರೋ ದಾರಿ ಒಂದೇ ಸಾಲದು. ಟಾಲಿನ್ ಎಂಬ ಪ್ರೋಟೀನು ವಿಂಕ್ಯುಲಿನ್ ಎಂಬುದನ್ನು ಎಬ್ಬಿಸಿ, ಅದು ಆಕ್ಟಿನ್ನಿನ ಎಳೆತವನ್ನು ಪೊರೆಯ ಒಳಪದರದ ಕೊಬ್ಬಿಗೆ ಜೋಡಿಸಬೇಕು. ಒಂದು ರಾಸಾಯನಿಕ ಸುದ್ದಿ, ಇನ್ನೊಂದು ಎಳೆತದ ಸುದ್ದಿ, ಎರಡೂ ಕೂಡಿದಾಗಲೇ ಕೆಲಸ. ಇನ್ನೊಂದು, ನನ್ನ ಮಟ್ಟಿಗೆ ಹೆಚ್ಚು ಮುಖ್ಯವಾದದ್ದು: ಈ ಗುಂಪುಗಳಿಂದ ಕೋಶಕ್ಕೆ ಏನು ಲಾಭ ಎಂದು ಅವರು ಕೇಳಿದರು. ವಿಂಕ್ಯುಲಿನ್ ಕೆಟ್ಟ ಕೋಶಗಳಲ್ಲಿ, ಕೊಬ್ಬಿನ ಕೊಂಡಿಯನ್ನು ಸರಿಯಾಗಿ ತಿದ್ದಲಾಗದ ಕೋಶಗಳಲ್ಲಿ ಗುಂಪು ಕೂಡಲಿಲ್ಲ; ಆ ಕೋಶಗಳು ಸರಿಯಾಗಿ ಹರಡಲೂ ಇಲ್ಲ, ಸರಿಯಾಗಿ ನಡೆಯಲೂ ಇಲ್ಲ. ಅಳತೆಗೆ ಸಿಕ್ಕಿದ್ದು ಬರೀ ಬೆಳಕಿನ ಆಟವಲ್ಲ, ಕೋಶದ ನಡಿಗೆಗೆ ಬೇಕಾದದ್ದು ಎಂದು ಆಗ ಗೊತ್ತಾಯಿತು. ಬಾಣ ಎಳೆಯುವವರಲ್ಲಿ ಬಹಳ ಜನ ಈ ಕೊನೆಯ ಪ್ರಶ್ನೆಗೆ ಹೋಗುವುದೇ ಇಲ್ಲ.

ಅದೇ ಆವರಣದ ಇನ್ನೊಬ್ಬರನ್ನು ನೆನೆಯಬೇಕು. ಉಪಿಂದರ್ ಭಲ್ಲಾ 1999ರ ಜನವರಿಯಲ್ಲಿ ನ್ಯೂಯಾರ್ಕಿನ ರವಿ ಅಯ್ಯಂಗಾರ್ ಜೊತೆ ಪ್ರಕಟಿಸಿದ ಕೆಲಸ ಕಂಪ್ಯೂಟರಿನದು. ಬೇರೆಯವರು ಅಳೆದ ವೇಗ, ಪ್ರಮಾಣಗಳನ್ನು ಹಾಕಿ ಕೆಲವು ಸಂಕೇತ ಮಾರ್ಗಗಳನ್ನು ಒಂದಕ್ಕೊಂದು ಜೋಡಿಸಿದರು. ಬಿಡಿಯಾಗಿದ್ದಾಗ ಯಾವ ಮಾರ್ಗದಲ್ಲೂ ಇಲ್ಲದ ಗುಣಗಳು ಜೋಡಿಸಿದಾಗ ಬಂದವು: ಪ್ರಚೋದಕ ತೆಗೆದ ಮೇಲೂ ಮಾರ್ಗ ಎಚ್ಚರವಾಗಿಯೇ ಉಳಿಯುವುದು ಅಂಥದ್ದೊಂದು. ಕೆಳಗಿನವರು ಮೇಲಿನವರನ್ನು ತಿರುಗಿ ಎಬ್ಬಿಸುವ ಕುಣಿಕೆ ಇದ್ದಾಗ ಹೀಗಾಗುತ್ತದೆ. ಮೇಲೆ-ಕೆಳಗೆ ಎಂದು ನಾವು ಇಷ್ಟು ಹೊತ್ತು ಮಾಡಿದ ಲೆಕ್ಕ ಕುಣಿಕೆ ಇರುವಲ್ಲಿ ತಪ್ಪುತ್ತದೆ. ಹಾಗಾಗಿ ಬಾಣ ಇದೆಯೇ ಎಂಬುದರ ಜೊತೆಗೆ ಎಷ್ಟು, ಎಷ್ಟು ಬೇಗ, ಎಷ್ಟು ಹೊತ್ತು ಎಂದೂ ಅಳೆಯಬೇಕು. ಬೆಂಗಳೂರಿನದೇ ಇನ್ಸ್‌ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್‌ನವರು ಪ್ರಕಟವಾದ ಪ್ರಬಂಧಗಳನ್ನು ಓದಿ ಓದಿ ಪ್ರತಿ ಕೊಂಡಿಯನ್ನೂ ಅದರ ಆಧಾರದ ಸಮೇತ ದಾಖಲಿಸಿದ ‘ನೆಟ್‌ಪಾತ್’ ಎಂಬ ಮಾಹಿತಿ ಸಂಗ್ರಹವನ್ನು 2010ರಲ್ಲಿ ಪ್ರಕಟಿಸಿದರು. ಉರುಹೊಡೆಯುವ ಬದಲು ಅದನ್ನು ತೆರೆದು ನೋಡಬಹುದು.

ಇದರಿಂದ ಜನಕ್ಕೆ ಏನು ಎಂದು ಹಿಂದಿನ ಸಾಲಿನವರು ಕೇಳುವ ಮೊದಲೇ ಹೇಳುತ್ತೇನೆ. ರಾಕ್ ಅನ್ನು ತಡೆಯುವ ಫಾಸುಡಿಲ್ ಜಪಾನಿನಲ್ಲಿ 1995ರಿಂದ ಮಿದುಳಿನ ರಕ್ತನಾಳದ ಸೆಳೆತಕ್ಕೆ ಬಳಕೆಯಲ್ಲಿದೆ. ಕಣ್ಣಿನ ಒತ್ತಡ ಏರುವ ಗ್ಲಾಕೋಮಾಕ್ಕೆ ಜಪಾನ್ 2014ರಲ್ಲಿ ರಿಪಾಸುಡಿಲ್ ಹನಿಯನ್ನೂ, ಅಮೆರಿಕ 2017ರ ಡಿಸೆಂಬರಿನಲ್ಲಿ ನೆಟಾರ್ಸುಡಿಲ್ ಹನಿಯನ್ನೂ ಒಪ್ಪಿದವು. ಕಣ್ಣಿನ ದ್ರವ ಹೊರಹೋಗುವ ಜಾಲರಿಯ ಕೋಶಗಳಲ್ಲಿ ಆಕ್ಟಿನ್-ಮಯೋಸಿನ್ ಬಿಗಿ ಸಡಿಲವಾಗುತ್ತದೆ, ದ್ರವ ಹರಿಯುತ್ತದೆ, ಒತ್ತಡ ಇಳಿಯುತ್ತದೆ. 1992ರಲ್ಲಿ ಗಾಜಿನ ಸೂಜಿ ಹಿಡಿದು ಕೂತವರ ಮುಂದೆ ಗ್ಲಾಕೋಮಾ ಇರಲಿಲ್ಲ.

ಕೊನೆಯದಾಗಿ ಅಧ್ಯಾಪಕರಲ್ಲಿ ಎರಡು ಮಾತು. ಆಕ್ಟಿನ್ ನೋಡಲು ಕೋಟಿ ರೂಪಾಯಿಯ ಯಂತ್ರ ಬೇಕಿಲ್ಲ. ಕೆರೆಯಲ್ಲಿ ಸಿಗುವ ಹೈಡ್ರಿಲ್ಲಾ ಗಿಡದ ಒಂದು ಎಳೆಯ ಎಲೆಯನ್ನು ನೀರಿನ ಹನಿಯಲ್ಲಿಟ್ಟು ಕಾಲೇಜಿನ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಸ್ವಲ್ಪ ಹೊತ್ತು ಬೆಳಕು ಹಾಕಿ ನೋಡಿ. ಹಸಿರು ಕಣಗಳು ಕೋಶದೊಳಗೆ ಅಂಚು ಹಿಡಿದು ಸುತ್ತುವುದು ಕಾಣುತ್ತದೆ. ಅದು ಆಕ್ಟಿನ್ ಎಳೆಗಳ ಮೇಲೆ ಮಯೋಸಿನ್ ನಡೆಯುವುದರಿಂದ ಆಗುವ ಹರಿವು. ಇಂಥ ಹರಿವನ್ನು ಇಟಲಿಯ ಕೋರ್ತಿ 1774ರಲ್ಲೇ ಕಂಡಿದ್ದರು. ತಣ್ಣೀರಿನಲ್ಲಿಟ್ಟ ಎಲೆ, ಬೆಚ್ಚನೆಯ ನೀರಿನಲ್ಲಿಟ್ಟ ಎಲೆ, ಏನೂ ಮಾಡದೆ ಇಟ್ಟ ಎಲೆ, ಮೂರನ್ನೂ ಪಕ್ಕಪಕ್ಕ ಇಟ್ಟು ಒಂದು ಕಣ ಒಂದು ಸುತ್ತು ಬರಲು ಎಷ್ಟು ಸೆಕೆಂಡು ಎಂದು ಮಕ್ಕಳಿಂದ ಬರೆಸಿ. ಏನೂ ಮಾಡದ ಎಲೆಯನ್ನು ಮರೆಯಬೇಡಿ.

ಎರಡನೆಯ ಮಾತು ಕಲಿಯುವ ಅವಕಾಶದ ಬಗ್ಗೆ. ಚಳ್ಳಕೆರೆಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಸುಮಾರು 1,500 ಎಕರೆ ಕಾವಲು ಭೂಮಿ ಹೋಗಿದೆ. ದನ, ಕುರಿ ಮೇಯುತ್ತಿದ್ದ ಹುಲ್ಲುಗಾವಲು ಅದು. ಕೊಟ್ಟದ್ದು ಸರಿಯೇ ಎಂಬ ತಕರಾರು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಆ ಚರ್ಚೆ ಏನೇ ಇರಲಿ, ಅಲ್ಲಿನ ವಿದ್ಯೆಯ ಮೇಲೆ ಹುಲ್ಲು ಬಿಟ್ಟುಕೊಟ್ಟ ಊರುಗಳ ಹಕ್ಕು ಮೊದಲನೆಯದು. ಅಲ್ಲಿ ವಿಜ್ಞಾನ ಅಧ್ಯಾಪಕರಿಗೆ ಪ್ರಯೋಗ ಸಹಿತ ತರಬೇತಿ ನಡೆಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಬೇಸಿಗೆಯ ಸಂಶೋಧನಾ ಫೆಲೋಶಿಪ್ ಕೊಡುತ್ತದೆ; ಆಯ್ಕೆಯಾದವರು ದೇಶದ ಪ್ರಯೋಗಾಲಯಗಳಲ್ಲಿ ಬೇಸಿಗೆ ರಜೆ ಕಳೆಯಬಹುದು. ಬಿ.ಜಿ. ಕೆರೆ, ಮೊಳಕಾಲ್ಮುರು, ಚಳ್ಳಕೆರೆಯ ಪದವಿ ವಿದ್ಯಾರ್ಥಿಗಳು ಈ ವರ್ಷ ಅರ್ಜಿ ಹಾಕಿ. ಅರ್ಜಿಯ ಜೊತೆ ಮೇಷ್ಟ್ರ ಶಿಫಾರಸು ಪತ್ರ ಬೇಕಾದರೆ, ಇಲ್ಲಿ ಕೂತಿರುವ ಮೇಷ್ಟ್ರುಗಳು ಇಲ್ಲ ಎನ್ನಬೇಡಿ.